ಮಳೆ ತಿಂದ ದಾರಿಗೆ ಉಕ್ಕಿನ ಅಲಗು

ಮಲೆನಾಡಿನಲ್ಲಿ ನೆಂಟರ ಮನೆಯನ್ನುಳ್ಳ ಪಟ್ಟಣಿಗರಿಗೆ ಒಂದು ಅನುಭವ ಚೆನ್ನಾಗಿ ಪರಿಚಿತವಾದುದು. ಬೆಂಗಳೂರಿನಿಂದ ಸುಮಾರು 250 ಕಿಲೋಮೀಟರು ಡಾಂಬರು ರಸ್ತೆಯ ಮೇಲೆ ಸುಖವಾಗಿ ಸಾಗಿಬಂದವರಿಗೆ ನಿಜವಾದ ಪ್ರಯಾಣ ಆರಂಭವಾಗುವುದು ತೋಟದ ಗೇಟಿನ ಬಳಿ. ಅಲ್ಲಿಂದ ಮನೆಯ ಅಂಗಳಕ್ಕೆ ಇರುವುದು ಕೂಗಳತೆಯ ದೂರ. ಆದರೆ ಆ ದೂರದಲ್ಲಿ ಕಾರಿನ ಹೊಟ್ಟೆಗೆ ಕಲ್ಲು ತಗುಲುತ್ತದೆ, ಮಕ್ಕಳ ತಲೆ ಚಾವಣಿಗೆ ತಗುಲುತ್ತದೆ, ಮಡಿಲಲ್ಲಿಟ್ಟುಕೊಂಡ ಹಣ್ಣಿನ ಬುಟ್ಟಿ ಕಾಲಬುಡಕ್ಕೆ ಬರುತ್ತದೆ. ಮೂಡಿಗೆರೆಯ ಕಡೆ ನನ್ನ ಭಾವನವರ ಕಾಫಿ ತೋಟಕ್ಕೆ ಇರುವ ದಾರಿ ಇಂಥದೇ. ಉದ್ದ 400 ಮೀಟರು, ಅಗಲ 10 ಅಡಿ. ಮೇಲೆ ಜಲ್ಲಿ, ಅಡಿಯಲ್ಲಿ ಗರಸು ಮಣ್ಣು.

ಈ ದಾರಿಯನ್ನು ಕುರಿತು ನಾವೆಲ್ಲರೂ ಬಹುಕಾಲ ವಿನೋದವಾಡುತ್ತಿದ್ದೆವು. ವಿನೋದ ಮುಗಿದುದು ಮೂರು ವರ್ಷಗಳ ಹಿಂದಿನ ಒಂದು ಆಷಾಢದ ರಾತ್ರಿ. ಅತ್ತೆಯವರಿಗೆ ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಕರೆಸಿದ ಆಂಬುಲೆನ್ಸ್ ಗೇಟಿನವರೆಗೆ ಬಂದು ನಿಂತುಬಿಟ್ಟಿತು. ಚಾಲಕನನ್ನು ದೂರುವಂತಿರಲಿಲ್ಲ, ಎರಡನೆಯ ತಿರುವಿನಲ್ಲಿ ನೀರು ದಾರಿಯನ್ನು ಮೊಣಕಾಲುದ್ದ ಕೊರೆದಿತ್ತು. ಭಾವನವರೂ ಇಬ್ಬರು ಆಳುಗಳೂ ಅವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಆ 400 ಮೀಟರನ್ನು ಜಡಿಮಳೆಯಲ್ಲಿ ಹೊತ್ತು ನಡೆದರು. ಛತ್ರಿ ಹಿಡಿದುದಷ್ಟೇ ನನ್ನ ಪಾಲಿನ ಪುರುಷಾರ್ಥ. ಅತ್ತೆಯವರು ಎರಡು ವಾರಗಳಲ್ಲಿ ಚೇತರಿಸಿಕೊಂಡು ಹಿಂದಿರುಗಿದರು. ಅದೇ ಕುರ್ಚಿಯಲ್ಲಿ, ಅದೇ ದಾರಿಯಲ್ಲಿ. “ಈ ದಾರಿ ನನ್ನನ್ನು ಎರಡು ಸಲ ಹೆಣದಂತೆ ಹೊರಿಸಿತಲ್ಲೋ!” ಎಂದು ಅವರು ಮಗನಿಗೆ ಹೇಳಿದ ಮಾತು ಭಾವನವರ ಮನಸ್ಸಿನಲ್ಲಿ ನಾಟಿತು.

ಹಾಗೆಂದು ಅವರು ದಾರಿಯನ್ನು ಅಲಕ್ಷಿಸಿದ್ದವರಲ್ಲ. ಪ್ರತಿವರ್ಷ ಮಳೆ ನಿಂತ ಮೇಲೆ ಎರಡು ಮೂರು ಟ್ರೇಲರು ಜಲ್ಲಿ ತರಿಸಿ ಹೊಂಡಗಳಿಗೆ ಸುರಿಸುತ್ತಿದ್ದರು. ಮುಂದಿನ ಮಳೆಗಾಲದಲ್ಲಿ ಅದೇ ಹೊಂಡಗಳು ಅದೇ ಸ್ಥಳದಲ್ಲಿ ಬಾಯಿ ತೆರೆಯುತ್ತಿದ್ದವು. ಕಾರಣ ಸರಳವಾದುದು. ಜಲ್ಲಿ ರಸ್ತೆಯನ್ನು ಕೆಡಿಸುವುದು ಚಕ್ರಕ್ಕಿಂತ ಹೆಚ್ಚಾಗಿ ನೀರು. ನಿಂತ ನೀರಿನ ಮೇಲೆ ಚಕ್ರ ಹಾಯ್ದಾಗಲೆಲ್ಲ ಕಲ್ಲನ್ನು ಹಿಡಿದಿಟ್ಟ ನಯವಾದ ಮಣ್ಣು ಕಲಕಿ ಹೊರಚೆಲ್ಲುತ್ತದೆ. ಬಂಧ ತಪ್ಪಿದ ಕಲ್ಲು ಪಕ್ಕಕ್ಕೆ ಸಿಡಿಯುತ್ತದೆ. ನೀರು ನಿಲ್ಲುವ ಜಾಗಕ್ಕೆ ಹೊಸ ಜಲ್ಲಿ ಸುರಿಯುವುದೆಂದರೆ ತೂತಿನ ಕೊಡಕ್ಕೆ ನೀರು ಸೇದಿದಂತೆ. ದಾರಿಯ ನಡುವು ಆಮೆಯ ಬೆನ್ನಿನಂತೆ ಉಬ್ಬಿರಬೇಕು. ಬಿದ್ದ ನೀರು ಬಿದ್ದಲ್ಲಿಂದಲೇ ಎರಡೂ ಪಕ್ಕದ ಚರಂಡಿಗೆ ಇಳಿಯಬೇಕು. ಜಲ್ಲಿ ರಸ್ತೆಗಳಿಗೆ ಎಂಜಿನಿಯರುಗಳು ಹೇಳುವ ಅಳತೆ ಅಡಿಗೆ ಸುಮಾರು ಅರ್ಧ ಅಂಗುಲ. ಎಂದರೆ ಹತ್ತಡಿ ಅಗಲದ ದಾರಿಯಲ್ಲಿ ನಡುವು ಅಂಚಿಗಿಂತ ಎರಡೂವರೆ ಅಂಗುಲ ಎತ್ತರವಿದ್ದರೆ ಸಾಕು.

ಇದು ಹೊಸ ವಿದ್ಯೆಯಲ್ಲ. ಅಮೆರಿಕದ ಮಿಸೌರಿ ರಾಜ್ಯದ ಮೇಟ್‌ಲ್ಯಾಂಡ್ ಎಂಬ ಊರಿನ ಬಳಿ ಡಿ. ವಾರ್ಡ್ ಕಿಂಗ್ ಎಂಬ ರೈತನಿದ್ದ. ತನ್ನ ಹೊಲದ ಮುಂದಿನ ಕೆಸರು ದಾರಿಯಿಂದ ಬೇಸತ್ತು, 1896ರ ಸುಮಾರಿಗೆ ಆತ ಒಂದು ಮರದ ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನೂ ಒಂದರ ಹಿಂದೊಂದು ಜೋಡಿಸಿ, ಕುದುರೆಗಳಿಂದ ಓರೆಯಾಗಿ ಎಳೆಸಿದ. ಅಂಚಿನ ಮಣ್ಣು ನಡುವಿಗೆ ಸರಿಯಿತು. ದಾರಿ ಬೆನ್ನುಬ್ಬಿ ನಿಂತಿತು. ಆ ದೇಶದ ಕೃಷಿ ಇಲಾಖೆ 1908ರಲ್ಲಿ ಈ ಸೀಳುದಿಮ್ಮಿಯ ಬಳಕೆಯನ್ನು ಕುರಿತು ರೈತರಿಗಾಗಿ ಒಂದು ಕಿರುಹೊತ್ತಗೆಯನ್ನೇ ಹೊರಡಿಸಿತು. ಭಾವನವರು ಇದನ್ನು ಕೇಳಿ ನಕ್ಕರು. “ಮೇಷ್ಟ್ರೇ, ಗದ್ದೆಯಲ್ಲಿ ನಮ್ಮಜ್ಜ ಎತ್ತು ಕಟ್ಟಿ ಕೊರಡು ಹೊಡೆಯುತ್ತಿದ್ದರಲ್ಲ, ಅದೇ ತಾನೆ?” ಅದೇ. ಕೊರಡು ಗದ್ದೆಯನ್ನು ಸಮ ಮಾಡಲು, ಕಿಂಗನ ದಿಮ್ಮಿ ದಾರಿಯನ್ನು ಅಸಮ ಮಾಡಲು, ವ್ಯತ್ಯಾಸ ಇಷ್ಟೇ.

ಇಂದು ಆ ದಿಮ್ಮಿಯ ಸ್ಥಾನದಲ್ಲಿರುವುದು ಟ್ರಾಕ್ಟರಿನ ಹಿಂದೆ ತೂಗುವ ಉಕ್ಕಿನ ಬ್ಲೇಡು. ಇದನ್ನು ಹೊರುವುದು ಹ್ಯಾರಿ ಫರ್ಗ್ಯುಸನ್ ಎಂಬ ಐರಿಷ್ ಯಂತ್ರಜ್ಞನ ಹೆಸರಿನೊಡನೆ ಬೆರೆತುಹೋಗಿರುವ ಮೂರು ಬಿಂದುಗಳ ಜೋಡಣೆ: ಕೆಳಗೆ ಎರಡು ತೋಳು, ಮೇಲೆ ಟಾಪ್ ಲಿಂಕ್. ನೇಗಿಲು, ಕಲ್ಟಿವೇಟರ್ ಎಲ್ಲವೂ ಕೂರುವುದು ಈ ಮೂರು ಬಿಂದುಗಳಲ್ಲಿಯೇ.

ಬ್ಲೇಡು ಕೊಳ್ಳಲು ಭಾವನವರೊಡನೆ ನಾನೂ ಹೋಗಿದ್ದೆ. ಅಂಗಡಿಯವನು ಮೊದಲು ತೋರಿಸಿದುದು ಆರಡಿಯ ಹಗುರವಾದ, ಬಣ್ಣ ಥಳಥಳಿಸುವ ಒಂದನ್ನು. ಬೆಲೆಯೂ ಆಕರ್ಷಕವಾಗಿತ್ತು. ಆದರೆ ಲೆಕ್ಕ ಹಾಕಿ ನೋಡಿ. ಬ್ಲೇಡನ್ನು ನೇರವಾಗಿ ಅಡ್ಡ ಹಿಡಿದು ಎಳೆದರೆ ಮಣ್ಣು ಮುಂದೆ ರಾಶಿಯಾಗುತ್ತದೆ. ಪಕ್ಕಕ್ಕೆ ಸರಿಯಬೇಕಾದರೆ ಓರೆಯಾಗಿ ಹಿಡಿಯಬೇಕು. 30 ಡಿಗ್ರಿ ಓರೆ ಮಾಡಿದಾಗ ಆರಡಿಯ ಬ್ಲೇಡು ಹಾಸುವ ಅಗಲ ಐದಡಿ ಎರಡಂಗುಲಕ್ಕೆ ಇಳಿಯುತ್ತದೆ. ಭಾವನವರ ಟ್ರಾಕ್ಟರಿನ ಹಿಂಚಕ್ರಗಳ ಹೊರಮೈಯಿಂದ ಹೊರಮೈಗೆ ಐದಡಿ ಒಂಬತ್ತಂಗುಲ. ಎಂದರೆ ಬ್ಲೇಡು ಕೆರೆದ ದಾರಿಯ ಪಕ್ಕದಲ್ಲೇ ಚಕ್ರದ ಗುರುತು ಉಳಿಯುತ್ತದೆ. ಏಳಡಿಯದಾದರೆ ಓರೆಯಲ್ಲಿಯೂ ಆರಡಿಯನ್ನು ಮೀರುತ್ತದೆ. ಏಳಡಿಯದನ್ನೇ ಆರಿಸಿದೆವು.

ಅಗಲಕ್ಕಿಂತ ಮುಖ್ಯವಾದುದು ತೂಕ. ಬ್ಲೇಡನ್ನು ನೆಲಕ್ಕೆ ಒತ್ತುವ ಶಕ್ತಿ ಸಾಮಾನ್ಯವಾದ ಟ್ರಾಕ್ಟರಿನ ಹೈಡ್ರಾಲಿಕ್ಕಿಗೆ ಇಲ್ಲ. ಅದು ಎತ್ತಬಲ್ಲದು, ಇಳಿಯಬಿಡಬಲ್ಲದು, ಅಷ್ಟೇ. ನೆಲವನ್ನು ಕಚ್ಚುವುದು ಬ್ಲೇಡಿನ ಸ್ವಂತ ಭಾರ. ಹಗುರವಾದುದು ಗಟ್ಟಿ ನೆಲದ ಮೇಲೆ ಕುಣಿಯುತ್ತಾ ಹೋಗುತ್ತದೆ. ಅದರ ತುದಿಯ ಪಟ್ಟಿ ಬೋಲ್ಟುಗಳಿಂದ ಕೂರಿಸಿದುದಾಗಿರಬೇಕು. ಒಂದು ಅಂಚು ಸವೆದಾಗ ತಿರುಗಿಸಿ ಹಾಕಲು, ಎರಡೂ ಸವೆದಾಗ ಬದಲಿಸಲು. ಬ್ಲೇಡು ತನ್ನ ನಡುಗಂಬದ ಮೇಲೆ ಎಡಕ್ಕೂ ಬಲಕ್ಕೂ, ಪೂರ್ತಿ ಹಿಂದುಮುಂದಾಗಿಯೂ ತಿರುಗುವಂತಿರಬೇಕು. ಪಿನ್ನುಗಳ ದಪ್ಪವನ್ನು ಅಳೆದುಕೊಂಡೇ ಹೋಗಬೇಕು: ಕೆಳತೋಳಿನ ಪಿನ್ನು ಚಿಕ್ಕ ವರ್ಗದ್ದಾದರೆ 22 ಮಿಲಿಮೀಟರು, ಅದಕ್ಕಿಂತ ದೊಡ್ಡ ವರ್ಗದ್ದಾದರೆ 28. ಇದನ್ನು ಮರೆತವರು ಮನೆಗೂ ಅಂಗಡಿಗೂ ಇನ್ನೊಂದು ಸಲ ತಿರುಗುತ್ತಾರೆ. ನಾವೂ ತಿರುಗಿದೆವು.

ಮೊದಲ ವರ್ಷದ ಕೆಲಸ ಘನವಾದ ಸೋಲು. ಟ್ರಾಕ್ಟರು ನಡೆಸುವ ಹುಡುಗ ಗದ್ದೆಯಲ್ಲಿ ಕೈಪಳಗಿದವನು; ದಾರಿಯನ್ನು ತಟ್ಟೆಯಂತೆ ಮಟ್ಟ ಮಾಡಿಬಿಟ್ಟ. ನೋಡಲು ಕಣ್ಣಿಗೆ ಹಬ್ಬ. ಅತ್ತಿಗೆಯವರು ಅದರ ಮೇಲೆ ರಂಗೋಲಿ ಹಾಕಬಹುದೆಂದರು. ಮೊದಲ ದೊಡ್ಡ ಮಳೆಯ ನೀರು ಆ ಮಟ್ಟವಾದ ನೆಲದ ಮೇಲೆ ಹೋಗಲು ಬೇರೆ ದಾರಿ ಕಾಣದೆ ನಟ್ಟನಡುವೆಯೇ ಹರಿದು, ಗೇಟಿನವರೆಗೂ ಒಂದು ಕಾಲುವೆಯನ್ನು ತೋಡಿತು. ಅದಲ್ಲದೆ ಆತ ಕೆರೆದ ಮಣ್ಣನ್ನು ಎರಡು ಅಂಚಿಗೂ ಬದುವಿನಂತೆ ಬಿಟ್ಟಿದ್ದ. ಚರಂಡಿಗೆ ಇಳಿಯಬೇಕಾದ ನೀರಿಗೆ ಆ ಬದುವೇ ಅಡ್ಡಗೋಡೆಯಾಯಿತು.

ಮರುವರ್ಷ ವಿಧಾನವನ್ನು ಬದಲಿಸಿದೆವು. ಮಳೆ ನಿಂತು ಎರಡು ಮೂರು ದಿನಗಳಾಗಿ, ನೆಲದಲ್ಲಿ ಇನ್ನೂ ಹಸಿ ಉಳಿದಿರುವಾಗ ಕೆಲಸಕ್ಕೆ ಇಳಿಯಬೇಕು. ಕೆಸರಿನಲ್ಲಿ ಕೆರೆದರೆ ಚಕ್ರವೇ ಹೊಸ ಹೊಂಡ ಮಾಡುತ್ತದೆ. ಬೇಸಿಗೆಯ ಒಣನೆಲದಲ್ಲಿ ನಯಮಣ್ಣೆಲ್ಲ ಧೂಳಾಗಿ ಹಾರಿ ಕಾಫಿ ಎಲೆಗಳ ಮೇಲೆ ಕೂರುತ್ತದೆ, ಉಳಿಯುವುದು ಬರಿಯ ಕಲ್ಲು. ಮೊದಲು ಕಲ್ಟಿವೇಟರಿನ ಹಲ್ಲುಗಳಿಂದ ಹೊಂಡದ ತಳದವರೆಗೂ ನೆಲವನ್ನು ಸಡಿಲಿಸಿದೆವು. ಇದು ಬಹು ಮುಖ್ಯ. ಹೊಂಡದ ಮೇಲ್ಬಾಯಿಯನ್ನಷ್ಟೇ ಮುಚ್ಚಿದರೆ ಒಳಗಿನ ಗಟ್ಟಿಯಾದ ಬೋಗುಣಿ ಹಾಗೆಯೇ ಉಳಿದು, ಕೆಲವೇ ವಾರಗಳಲ್ಲಿ ಮತ್ತೆ ಮೇಲೆ ಬರುತ್ತದೆ.

ಆಮೇಲೆ ಬ್ಲೇಡು. ದಾರಿಯ ಎಡ ಅರ್ಧದಲ್ಲಿ ಸಾಗುತ್ತ, ಬ್ಲೇಡಿನ ಎಡತುದಿ ಮುಂದಾಗಿಯೂ ಬಲತುದಿ ಹಿಂದಾಗಿಯೂ ಇರುವಂತೆ ಓರೆಯಿಡಬೇಕು. ಬಲಗಡೆಯ ಎತ್ತುಕಡ್ಡಿಯ ತಿರುಪನ್ನು ತಿರುಗಿಸಿ ಆ ತುದಿಯನ್ನು ಕೊಂಚ ಮೇಲೆತ್ತಬೇಕು. ಆಗ ಅಂಚಿನಲ್ಲಿ ಬ್ಲೇಡು ಆಳವಾಗಿ ಕಚ್ಚಿ, ಮಣ್ಣು ಅದರ ಮೈಯುದ್ದಕ್ಕೂ ಜಾರಿ ನಡುವಿಗೆ ಬಂದು ಬೀಳುತ್ತದೆ. ಗೇಟಿನ ಬಳಿ ತಿರುಗಿ ಹಿಂದಿರುಗುವಾಗಲೂ ತನ್ನ ಎಡಭಾಗದಲ್ಲೇ ಬಂದರೆ ಯಾವ ಹೊಂದಾಣಿಕೆಯನ್ನೂ ಬದಲಿಸಬೇಕಾಗಿಲ್ಲ. ನಡುವೆ ಸೇರಿದ ಏರಿಯನ್ನು ಕೊನೆಯಲ್ಲಿ ಬ್ಲೇಡನ್ನು ಹಿಂದುಮುಂದಾಗಿಸಿ, ನೆಲಕ್ಕಿಂತ ಎರಡಂಗುಲ ಮೇಲೆ ಹಿಡಿದು ಮೆಲ್ಲನೆ ಹರಡಿದರಾಯಿತು. ಟಾಪ್ ಲಿಂಕನ್ನು ಉದ್ದ ಮಾಡಿ ಬ್ಲೇಡಿನ ತಲೆಯನ್ನು ಹಿಂದಕ್ಕೆ ವಾಲಿಸಿದರೆ ಅಂಚು ಉಳಿಯಂತೆ ಕೊರೆಯುತ್ತದೆ. ಗಿಡ್ಡ ಮಾಡಿ ಮುಂದಕ್ಕೆ ವಾಲಿಸಿದರೆ ಮಣ್ಣನ್ನು ಸವರಿ ಹರಡುತ್ತದೆ.

ಕಲಿಯುವವರ ಕೈ ಲೀವರಿನ ಮೇಲೆ ಚಡಪಡಿಸುತ್ತದೆ. ಮುಂದಿನ ಚಕ್ರ ಹೊಂಡಕ್ಕಿಳಿದರೆ ಹಿಂದಿನ ಬ್ಲೇಡು ಮೇಲೇಳುತ್ತದೆ, ಚಕ್ರ ದಿಬ್ಬವನ್ನೇರಿದರೆ ಬ್ಲೇಡು ನೆಲಕ್ಕೆ ನಾಟುತ್ತದೆ. ಅದನ್ನು ತಿದ್ದಲು ಹೋಗಿ ದಾರಿಯೆಲ್ಲ ಅಲೆಯಾಗುತ್ತದೆ. ಹೈಡ್ರಾಲಿಕ್ಕಿನ ಪೊಸಿಷನ್ ಲೀವರನ್ನೇ ಬಳಸಿ, ಒಂದು ಎತ್ತರದಲ್ಲಿ ನಿಲ್ಲಿಸಿ, ತೆಳುವಾಗಿ ಹಲವು ಸಲ ಎಳೆಯುವುದೇ ಸರಿ. ಭಾರ ಹೆಚ್ಚಿದಾಗ ತಾನಾಗಿ ಮೇಲೇಳುವ ಡ್ರಾಫ್ಟ್ ಕಂಟ್ರೋಲು ನೇಗಿಲಿಗೆ ವರವಾದರೂ ಬ್ಲೇಡಿಗೆ ಶಾಪ. ವೇಗವಂತೂ ನಡಿಗೆಯ ವೇಗವೇ. ಟೊರಾಂಟೊ ವಿಶ್ವವಿದ್ಯಾಲಯದ ಸ್ಟೀಫನ್ ಮಾರಿಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿರುಗುವ ಮರಳಿನ ಹಾಸಿನ ಮೇಲೆ ಚಕ್ರವೊಂದನ್ನು ಓಡಿಸಿ ನೋಡಿದರು. ಒಂದು ಮಿತಿಗಿಂತ ವೇಗ ಹೆಚ್ಚಿದೊಡನೆ, ಎಷ್ಟೇ ಮಟ್ಟವಾಗಿದ್ದರೂ, ಮರಳು ತಗಡಿನ ಮಾಡಿನಂತೆ ತೆರೆತೆರೆಯಾಯಿತು. ವಾರದ ಕೊನೆಗೆ ಬರುವ ನಮ್ಮಂಥ ಅತಿಥಿಗಳು ಗೇಟಿನಿಂದ ಕಾರನ್ನು ರಭಸವಾಗಿ ಓಡಿಸಿ ಮಾಡುವುದೂ ಇದನ್ನೇ. ಭಾವನವರು ನನ್ನ ಕಡೆ ನೋಡಿಯೇ ಇದನ್ನು ಎರಡು ಸಲ ಓದಿಸಿದರು.

ಇನ್ನೊಂದು ಮಾತನ್ನು ಮನೆಯವರೆಲ್ಲರೂ ತಿಳಿದಿರಬೇಕು. ಎಂಜಿನ್ ಓಡುತ್ತಿರುವಾಗ ಟ್ರಾಕ್ಟರಿಗೂ ಬ್ಲೇಡಿಗೂ ನಡುವೆ ಯಾರೂ ಹೋಗಕೂಡದು. ಕೆಲಸ ನಿಂತೊಡನೆ ಬ್ಲೇಡು ನೆಲಕ್ಕಿಳಿಯಬೇಕು. ಎತ್ತಿ ನಿಲ್ಲಿಸಿದ ಬ್ಲೇಡಿನ ಕೆಳಗೆ ಮಕ್ಕಳು ಚೆಂಡು ಹುಡುಕುತ್ತಿದ್ದುದನ್ನು ಕಂಡು ಅತ್ತಿಗೆಯವರು ಕಿರುಚಿದ ದಿನ, ಹುಡುಗನಿಗೆ ಊಟಕ್ಕಿಂತ ಮೊದಲು ಬೈಗುಳ ಸಿಕ್ಕಿತು. ಹಾಗೆಯೇ, ಹಿಮ್ಮುಖವಾಗಿ ಬ್ಲೇಡಿನಿಂದ ದಿಬ್ಬವನ್ನು ಗುದ್ದಬಾರದು. ಎಳೆಯಲು ಮಾಡಿದ ಚೌಕಟ್ಟು ಬಲವಾದ ನೂಕಿಗೆ ಬಗ್ಗುತ್ತದೆ.

ಕಳೆದ ಮಳೆಗಾಲದಲ್ಲಿ ಶ್ರಾವಣದ ಪೂಜೆಗೆ ಹೋಗಿದ್ದೆ. ಜಡಿಮಳೆ. ದಾರಿಯ ನಡುಬೆನ್ನು ಒದ್ದೆಯಾಗಿತ್ತೇ ಹೊರತು ಅಲ್ಲಿ ನೀರಿರಲಿಲ್ಲ. ಎರಡೂ ಚರಂಡಿಗಳು ಸದ್ದು ಮಾಡುತ್ತ ಹರಿಯುತ್ತಿದ್ದವು. ಅತ್ತೆಯವರನ್ನು ತಿಂಗಳಿಗೊಮ್ಮೆ ನೋಡಲು ಬರುವ ಡಾಕ್ಟರರ ಕಾರು ಅಂಗಳದಲ್ಲೇ ನಿಂತಿತ್ತು. ಎರಡನೆಯ ತಿರುವಿನಲ್ಲಿ ಮಾತ್ರ ಇನ್ನೂ ಕೆಸರು. ಅಲ್ಲಿ ನೆಲದೊಳಗಿಂದಲೇ ಒರತೆ ಏಳುತ್ತದೆ. ಬ್ಲೇಡಿನಿಂದ ಅದಕ್ಕೆ ಪರಿಹಾರವಿಲ್ಲ. ಅಡಿಯಲ್ಲಿ ಅಡ್ಡಲಾಗಿ ಪೈಪು ಹೂಳಿ ನೀರನ್ನು ದಾಟಿಸಬೇಕು. ಯಾವಾಗ ಎಂದು ಭಾವನವರನ್ನು ಕೇಳಿದೆ.

“ಕಾಫಿ ಕೊಯ್ಲು ಮುಗಿಯಲಿ, ಮೇಷ್ಟ್ರೇ,” ಎಂದರು. “ನೀವೂ ರಜೆ ಹಾಕಿ ಬನ್ನಿ. ಈ ಸಲ ಛತ್ರಿಯ ಬದಲು ಗುದ್ದಲಿ ಕೊಡುತ್ತೇನೆ.”