ಅಚ್ಚಿಗಿಂತ ಮುಂಚಿನ ಸೆನ್ಸಾರು

ಯುರೋಪಿನ ಜ್ಞಾನೋದಯ ಅಂದಕೂಡಲೇ ನಮಗೆ ಹೇಳಿಕೊಡುವುದು ಒಂದೇ ಕಥೆ. ಒಂದು ಕಡೆ ದೊರೆ ಮತ್ತು ಚರ್ಚು, ಇನ್ನೊಂದು ಕಡೆ ಲೇಖಕ. ನಡುವೆ ಸೆನ್ಸಾರಿನ ಕತ್ತರಿ. ಕಥೆಯೇನೂ ಸುಳ್ಳಲ್ಲ. ಬರೆದದ್ದಕ್ಕಾಗಿ ದಿದೆರೊ 1749ರಲ್ಲಿ ಜೈಲು ಕಂಡ. ಆತ ಸಂಪಾದಿಸುತ್ತಿದ್ದ ವಿಶ್ವಕೋಶದ ಪರವಾನಗಿಯನ್ನು ಫ್ರಾನ್ಸಿನ ಪ್ರಭುತ್ವ 1759ರಲ್ಲಿ ರದ್ದು ಮಾಡಿತು. ಆದರೆ ಪುಸ್ತಕಗಳ ಮೇಲೆ ಕಣ್ಣಿಡಬೇಕಾದ ಅಧಿಕಾರಿ ಮಾಲ್ಜೆರ್ಬ್ ಒಳಗಿಂದಲೇ ಆತನನ್ನು ಕಾಯುತ್ತಿದ್ದ. ತಡೆಯುವವನೂ ಬರೆಯುವವನೂ ಒಂದೇ ಪಡಸಾಲೆಯಲ್ಲಿ ಕೂರಬಲ್ಲವರಾಗಿದ್ದರು ಅನ್ನೋದನ್ನ ಮರೆಯಬಾರದು.

1784ರಲ್ಲಿ ಕಾಂಟ್ ಒಂದು ಸೂತ್ರ ಕೊಟ್ಟ: ಹುದ್ದೆಯಲ್ಲಿರುವವನು ಅಲ್ಲಿ ಆಜ್ಞೆ ಪಾಲಿಸಲಿ, ಆದರೆ ವಿದ್ವಾಂಸನಾಗಿ ಓದುಗ ಲೋಕದ ಮುಂದೆ ನಿಂತಾಗ ಆತನ ವಿಚಾರಕ್ಕೆ ಪೂರ್ಣ ಸ್ವಾತಂತ್ರ್ಯವಿರಬೇಕು. ಸರಿ. ಆ ಓದುಗ ಲೋಕದೊಳಗೆ ಯಾರಿದ್ದರು? ವಿದ್ವಾಂಸ ಆಗೋಕೆ ಯಾರಿಗೆ ಬಿಟ್ಟಿದ್ದರು?

ಅದೇ ಶತಮಾನದಲ್ಲಿ, 1740ರಲ್ಲಿ, ಬ್ರಿಟಿಷರ ಅಮೆರಿಕನ್ ವಸಾಹತು ಸೌತ್ ಕೆರೊಲಿನಾ ಒಂದು ಕಾಯ್ದೆ ಮಾಡಿತು. ಗುಲಾಮರಿಗೆ ಬರೆಯಲು ಕಲಿಸಿದರೆ 100 ಪೌಂಡ್ ದಂಡ. ಅವರಿಂದ ಬರವಣಿಗೆ ಕೆಲಸ ಮಾಡಿಸಿದರೂ ಅಷ್ಟೇ ದಂಡ. ಕೈ ಅಕ್ಷರ ಮೂಡಿಸುವುದನ್ನೇ ತಡೆದಮೇಲೆ ಹಸ್ತಪ್ರತಿ ನೋಡುವ ಅಧಿಕಾರಿ ಯಾಕೆ ಬೇಕು?

ಈ ಬೇಲಿ ದಾಟಿ ಬಂದವರಿಗೂ ಇನ್ನೊಂದು ಕಾವಲಿತ್ತು. ಆಫ್ರಿಕಾದಿಂದ ಹೊತ್ತು ತಂದು ಬಾಸ್ಟನ್ನಿನಲ್ಲಿ ಮಾರಿದ ಹುಡುಗಿ ಫಿಲಿಸ್ ವೀಟ್ಲಿ. ಆಕೆಯ ಕವಿತೆಗಳು 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಪುಸ್ತಕದ ಮೊದಲಿಗೇ 18 ಮಂದಿ ಗಣ್ಯರ ಸಹಿ: ಇವನ್ನು ಈಕೆಯೇ ಬರೆದದ್ದು ಅಂತ. ಗವರ್ನರನ ಸಹಿ ಇತ್ತು, ಪಾದ್ರಿಗಳ ಸಹಿ ಇತ್ತು, ಆಕೆಯ ಒಡೆಯನದೂ ಇತ್ತು. ಯಾವ ಸರ್ಕಾರವೂ ಆ ಪುಸ್ತಕವನ್ನು ನಿಷೇಧಿಸಲಿಲ್ಲ. ಆದರೂ ಒಡೆಯರ ಸಾಕ್ಷಿ ಇಲ್ಲದೆ ಆ ಕವಿತೆ ಆಕೆಯದಾಗಲಿಲ್ಲ.

ಹಾಗಂತ ಮುದ್ರಣ ಸ್ವಾತಂತ್ರ್ಯ ಮೇಲಿನವರ ಸೊತ್ತು ಅಂತ ಬಿಟ್ಟುಕೊಡೋ ಹಾಗೂ ಇಲ್ಲ. ಇಂಗ್ಲೆಂಡಿನಲ್ಲಿ ಅಚ್ಚಿಗೆ ಮುಂಚೆ ಪರವಾನಗಿ ಪಡೆಯಬೇಕೆಂಬ ಕಾಯ್ದೆ 1695ರಲ್ಲೇ ಮುಗಿದುಹೋಗಿತ್ತು. ಗುಲಾಮನಾಗಿದ್ದ ಒಟ್ಟೊಬಾ ಕುಗೋವಾನೊ 1787ರಲ್ಲಿ ಲಂಡನ್ನಿನಲ್ಲೇ ಪುಸ್ತಕ ಹೊರತಂದು ಗುಲಾಮಗಿರಿ ಪೂರ್ತಿ ತೊಲಗಬೇಕು ಅಂದ. ತೆರೆದ ಅಚ್ಚುಮನೆ ಅವನಿಗೂ ಬೇಕಿತ್ತು.

ಫ್ರಾನ್ಸಿನ 1789ರ ಹಕ್ಕುಗಳ ಘೋಷಣೆ, ಪ್ರತಿ ನಾಗರಿಕನೂ ಮಾತಾಡಬಹುದು, ಬರೆಯಬಹುದು, ಮುದ್ರಿಸಬಹುದು ಎಂದಿತು. ಅದರ ವಸಾಹತುಗಳ ಗುಲಾಮರು ಆಗ ನಾಗರಿಕರ ಲೆಕ್ಕದಲ್ಲೇ ಇರಲಿಲ್ಲ. ದಲಿತ ವಿಮರ್ಶೆ ಈ ಚರಿತ್ರೆಗೆ ಹಾಕಬೇಕಾದ ಪ್ರಶ್ನೆ ಇಲ್ಲಿದೆ. ಯಾವ ಪುಸ್ತಕ ಸುಟ್ಟರು ಅನ್ನೋದಕ್ಕೆ ದಾಖಲೆ ಸಿಗುತ್ತದೆ. ಬರೆಯಲಿಕ್ಕೇ ಬಿಡದ ಪುಸ್ತಕಗಳ ಲೆಕ್ಕ ಇಡೋರು ಯಾರು?