‘ಡಿಸ್ಪೆಂಡ್’ ಎಂಬ ಹಳೆಯ ಮಾತು

ಹದಿನೈದು ಹದಿನಾರನೆಯ ಶತಮಾನಗಳ ಇಂಗ್ಲಿಷ್ ಬರಹಗಳನ್ನು ಓದುವವರಿಗೆ ಒಂದು ಬಗೆಯ ವಾಕ್ಯವು ಎದುರಾಗುವುದುಂಟು: ಇಂಥ ಗೃಹಸ್ಥನು ವರ್ಷಕ್ಕೆ 40 ಪೌಂಡುಗಳನ್ನು ‘ಡಿಸ್ಪೆಂಡ್’ ಮಾಡಬಲ್ಲವನು. ನಿಘಂಟನ್ನು ತೆರೆದರೆ ಈ ಕ್ರಿಯಾಪದಕ್ಕೆ ‘ವೆಚ್ಚಮಾಡು’ ಎಂಬ ಅರ್ಥವನ್ನೂ, ಬಳಕೆ ತಪ್ಪಿದ ಮಾತೆಂಬ ಸೂಚನೆಯನ್ನೂ ಕಾಣುವೆವು. ಅಷ್ಟನ್ನೇ ನಂಬಿ ಕನ್ನಡಿಸಿದರೆ ಆ ಗೃಹಸ್ಥನು ಕೈಬಿಚ್ಚಿ ಖರ್ಚುಮಾಡುವ ಧಾರಾಳಿಯಾಗಿಬಿಡುವನು. ಆದರೆ ಅಲ್ಲಿ ಹೇಳಿರುವುದು ಅವನ ಆದಾಯವನ್ನು. ವರ್ಷವರ್ಷವೂ ಅಷ್ಟು ಉತ್ಪತ್ತಿಯುಳ್ಳವನು, ಆದುದರಿಂದ ಅಷ್ಟನ್ನು ವೆಚ್ಚಮಾಡುವ ಶಕ್ತಿಯುಳ್ಳವನು ಎಂದು ತಾತ್ಪರ್ಯ. ಆ ಕಾಲಕ್ಕೆ ಇದು ಬರಿಯ ಅಲಂಕಾರವಾಗಿರಲಿಲ್ಲ. 1429ರ ಕಾಯಿದೆಯ ಮೇರೆಗೆ ಕೌಂಟಿಯ ಚುನಾವಣೆಯಲ್ಲಿ ಮತ ನೀಡುವವನಿಗೆ ವರ್ಷಕ್ಕೆ 40 ಷಿಲಿಂಗು ಉತ್ಪತ್ತಿಯ ಸ್ವಂತ ಭೂಮಿ ಇರಬೇಕಾಗಿತ್ತು. 1832ರ ಸುಧಾರಣೆಯವರೆಗೂ ಕೌಂಟಿಗಳಲ್ಲಿ ಇದೇ ಅಳತೆ ನಡೆದುಬಂದಿತು. ಕ್ರಿಯಾಪದವನ್ನು ತಪ್ಪಾಗಿ ತಿಳಿದೆವೋ, ಹಕ್ಕುಳ್ಳ ಒಬ್ಬ ಮತದಾರನ ಜಾಗದಲ್ಲಿ ಒಬ್ಬ ದುಂದುಗಾರನನ್ನು ಕೂರಿಸಿದಂತಾಯಿತು.

ಈ ಮಾತಿನ ಮೂಲವು ಲ್ಯಾಟಿನ್ ಭಾಷೆಯಲ್ಲಿದೆ. ‘ಪೆಂಡೆರೆ’ ಎಂದರೆ ತೂಗು. ‘ಡಿಸ್’ ಎಂಬ ಉಪಸರ್ಗವು ಬೇರೆಬೇರೆಯಾಗಿ, ಹಂಚಿ ಎಂಬ ಭಾವವನ್ನು ಕೂಡಿಸುವುದು. ತೂಗಿ ತೂಗಿ ಕೊಡು ಎಂಬುದು ಒಟ್ಟರ್ಥ. ನಾಣ್ಯವನ್ನು ಮುದ್ರಿಸುವುದಕ್ಕೆ ಮೊದಲು ರೋಮಿನ ಜನರು ಕಂಚಿನ ಒರಟು ತುಂಡುಗಳನ್ನು ತಕ್ಕಡಿಯಲ್ಲಿಟ್ಟು ಬೆಲೆ ತೆರುತ್ತಿದ್ದರು. ನಾಣ್ಯ ಬಂದ ಮೇಲೂ ತಕ್ಕಡಿ ಮೂಲೆ ಸೇರಲಿಲ್ಲ. ಕ್ರಿ.ಶ. ಎರಡನೆಯ ಶತಮಾನದ ಕಾನೂನುಪಂಡಿತನಾದ ಗಾಯಸನು ಒಂದು ಕ್ರಯವಿಧಿಯನ್ನು ವರ್ಣಿಸಿದ್ದಾನೆ. ಅದರಲ್ಲಿ ಐವರು ಸಾಕ್ಷಿಗಳಲ್ಲದೆ, ಕಂಚಿನ ತಕ್ಕಡಿಯನ್ನು ಹಿಡಿದ ಆರನೆಯವನೊಬ್ಬನು ಇರಲೇಬೇಕು. ಕೊಳ್ಳುವವನು ಒಂದು ಕಂಚಿನ ತುಂಡಿನಿಂದ ಆ ತಕ್ಕಡಿಯನ್ನು ತಟ್ಟಿ, ಅದನ್ನೇ ಬೆಲೆಯೆಂಬಂತೆ ಮಾರುವವನ ಕೈಗೆ ಕೊಡುವನು. ತೂಗುವುದು ನಿಂತುಹೋಗಿ, ತೂಗುವ ಶಾಸ್ತ್ರವು ಉಳಿದಿತ್ತು.

ವಿದ್ಯಾರ್ಥಿಗಳ ಸ್ಟೈಪೆಂಡು, ಮುಪ್ಪಿನವರ ಪೆನ್ಷನ್ನು ಇವೆರಡೂ ಆ ತಕ್ಕಡಿಯಿಂದಲೇ ಇಳಿದುಬಂದವು. ನಮ್ಮ ‘ತೂಗು’ ಎಂಬ ಧಾತುವಿನಂತೆಯೇ ಲ್ಯಾಟಿನ್ ಧಾತುವಿನ ಬಳಗದಲ್ಲಿಯೂ ತೂಕಮಾಡುವುದು, ಜೋಲುವುದು ಎಂಬ ಎರಡು ಅರ್ಥಗಳೂ ಇವೆ. ಆದುದರಿಂದ ‘ಸಸ್ಪೆಂಡ್’ ಸಹ ಪೆನ್ಷನ್ನಿನ ದಾಯಾದಿ. ಕಚೇರಿಗಳಲ್ಲಿರುವ ಶ್ರೋತೃಗಳು ಈ ನಂಟನ್ನು ಅಷ್ಟಾಗಿ ಮೆಚ್ಚಲಾರರು.

ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದ ಈ ಪದವು 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಬರಹಗಳಲ್ಲಿಯೂ ಉಂಟು. ಅಂದಿನವರು ಹಣವನ್ನಲ್ಲದೆ ಕಾಲವನ್ನೂ ‘ಡಿಸ್ಪೆಂಡ್’ ಮಾಡುತ್ತಿದ್ದರು. ಪ್ರಕರಣವನ್ನನುಸರಿಸಿ ‘ಪೋಲುಮಾಡು’ ಎಂಬ ಹೀನಾರ್ಥವೂ ಬರುವುದು. ಹಿಂದುಮುಂದಿನ ವಾಕ್ಯಗಳನ್ನು ನೋಡಿಯೇ ಇದನ್ನು ನಿರ್ಣಯಿಸಬೇಕು. ಇಷ್ಟು ದುಡಿದ ಮಾತು ಮರೆಯಾದುದೇಕೆ? ಲ್ಯಾಟಿನ್ನಿನ ‘ಎಕ್ಸ್‌ಪೆಂಡೆರೆ’ ಎಂಬುದರಿಂದ ಹುಟ್ಟಿದ ‘ಸ್ಪೆಂಡ್’ ಇಂಗ್ಲಿಷರಲ್ಲಿ ಅದಕ್ಕಿಂತ ಮುಂಚೆಯೇ ಇತ್ತು. ‘ಡಿಸ್ಪೋರ್ಟ್’ ಎಂಬುದರ ತಲೆ ಸವೆದು ‘ಸ್ಪೋರ್ಟ್’, ‘ಡಿಸ್ಪೈಟ್’ ಎಂಬುದು ಸವೆದು ‘ಸ್ಪೈಟ್’ ಆದಂತೆ, ಡಿಸ್ಪೆಂಡಿನ ತಲೆ ಸವೆದರೂ ಉಳಿಯುವುದು ಸ್ಪೆಂಡೇ. ಎರಡು ಹೊಳೆಗಳು ಒಂದೇ ಪಾತ್ರದಲ್ಲಿ ಕೂಡಿಕೊಂಡವು. ಉದ್ದನೆಯ ರೂಪವು ಯಾರಿಗೂ ಬೇಡವಾಯಿತು.

ನಮ್ಮ ‘ವೆಚ್ಚ’ವಾದರೋ ಸಂಸ್ಕೃತದ ‘ವ್ಯಯ’ದ ತದ್ಭವ. ವ್ಯಯವೆಂದರೆ ಅಗಲಿ ಹೋಗುವುದು; ಯಾವ ವಿಭಕ್ತಿಗೂ ವಿಕಾರಗೊಳ್ಳದ ಪದವನ್ನು ವೈಯಾಕರಣರು ಅವ್ಯಯವೆಂದುದೂ ಇದರಿಂದಲೇ. ರೋಮಿನವನು ಹಣ ಕೊಡುವಾಗ ತಕ್ಕಡಿಯ ಮುಳ್ಳನ್ನು ನೋಡಿದನು. ನಮ್ಮವರು ಹೋಗುತ್ತಿರುವ ಹಣದ ಬೆನ್ನನ್ನು ನೋಡಿದರು. ಇವೆರಡರಲ್ಲಿ ಯಾವುದು ಅನುಭವಕ್ಕೆ ಹತ್ತಿರವೆಂಬುದನ್ನು ತಿಂಗಳ ಕಡೆಯ ವಾರದಲ್ಲಿ ವಿಚಾರಿಸಬಹುದು.

ಡಿಸ್ಪೆಂಡಿನ ಒಡಹುಟ್ಟು ‘ಡಿಸ್ಪೆನ್ಸ್’ ಮಾತ್ರ ಸುಖವಾಗಿದೆ. ಔಷಧವನ್ನು ತೂಗಿಕೊಡುವ ಸ್ಥಳವು ಡಿಸ್ಪೆನ್ಸರಿಯಾಯಿತು. ಹಿಂದಿನ ಇಂಗ್ಲಿಷ್ ಪ್ರಭುಗಳ ಮನೆಗಳಲ್ಲಿ ದಿನಸಿಯನ್ನು ಅಳೆದುಕೊಡುತ್ತಿದ್ದ ಅಧಿಕಾರಿಗೂ ಇದೇ ಧಾತುವಿನ ಹೆಸರು. ಅದೇ ಸವೆದು ‘ಸ್ಪೆನ್ಸರ್’ ಎಂಬ ಮನೆತನದ ಹೆಸರಾಯಿತು. 1599ರಲ್ಲಿ ಕಾಲವಾದ ಕವಿ ಎಡ್ಮಂಡ್ ಸ್ಪೆನ್ಸರನ ಹೆಸರಿನಲ್ಲಿಯೂ, 1903ರಲ್ಲಿ ಕಾಲವಾದ ತತ್ತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರನ ಹೆಸರಿನಲ್ಲಿಯೂ ಉಗ್ರಾಣದ ಬೀಗದಕೈಯನ್ನು ಹಿಡಿದವನೊಬ್ಬನು ನಿಂತಿದ್ದಾನೆ.