ಶುಗರ್ ಸಿಕ್ಕಿತು, ಗುಳಿಗೆ ಎಲ್ಲಿ?

ಪಟ್ಟದಕಲ್ಲಿಗೆ ಹೋದದ್ದು ವಿರೂಪಾಕ್ಷನ ಗುಡಿ ನೋಡಲು. ಆದರೆ ಹೆಚ್ಚು ಹೊತ್ತು ನಿಂತದ್ದು ಊರೊಳಗಿನ ಕಟ್ಟೆಯ ಹತ್ತಿರ, ಬಿಪಿ–ಶುಗರ್ ತಪಾಸಣೆ ನಡೆದಿದ್ದಲ್ಲಿ. ಬೆರಳಿಗೆ ಸೂಜಿ ಚುಚ್ಚುವುದು ಎಲ್ಲರೂ ಕಂಡದ್ದೇ. ನನ್ನ ಕಣ್ಣು ನೆಟ್ಟದ್ದು ಆಶಾ ಕಾರ್ಯಕರ್ತೆಯ ಕೈಯಲ್ಲಿದ್ದ ಟೇಪಿನ ಮೇಲೆ.

"ಆಯಿ, ನೆರಿಗಿ ಸ್ವಲ್ಪ ಸಡ್ಲ ಮಾಡ್ರಿ."

"ಯಾಕವಾ, ಕುಬಸ ಹೊಲಿಸಿಕೊಡ್ತಿಯೇನ?" ಇಳಕಲ್ ಸೀರೆಯ ಆಯಿ ನಕ್ಕರು.

30 ದಾಟಿದವರಿಗೆಲ್ಲ ಒಂದು ಫಾರಂ. ವಯಸ್ಸು, ತಂಬಾಕು, ಮದ್ಯ, ಸೊಂಟ, ವಾರಕ್ಕೆ 150 ನಿಮಿಷದ ವ್ಯಾಯಾಮ, ಮನೆತನದ ಕಾಯಿಲೆ. ಅಂಕ 4 ದಾಟಿದರೆ ಮೊದಲು ಪರೀಕ್ಷೆ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಮೀರಿದರೆ ಸೊಂಟಕ್ಕೂ ಅಂಕ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಬೇಕು. ನೆರಿಗೆಯ ಮೇಲೆ ಅಳೆದರೆ ಅಳತೆ ಏರುತ್ತದೆ. ಗಂಡಸರು ಹೊಟ್ಟೆ ಒಳಗೆಳೆದರೆ ಇಳಿಯುತ್ತದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ದಿನವಿಡೀ ಕಾಲು ತುಳಿಯುವ ನೇಕಾರ ವ್ಯಾಯಾಮದ ಕಾಲಂನಲ್ಲಿ ಏನು ಬರೆಸಬೇಕು? ಕೂತವನೋ, ದುಡಿದವನೋ? ಇಷ್ಟಾದರೂ ಈ ಟೇಪು ನನಗೆ ಇಷ್ಟ. ಇದಕ್ಕೆ ಕರೆಂಟು ಬೇಡ, ಸೂಜಿ ಬೇಡ.

ಇಂಥ ಕಾಯಿಲೆಗಳಿಗಾಗಿ ಸರ್ಕಾರ ನಡೆಸುವ ಕಾರ್ಯಕ್ರಮ 2010ರಷ್ಟು ಹಳೆಯದು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿತು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದವರು ಎಷ್ಟೋ ಜನ. ಮುಂದೆ ಪುನೀತ್ ಹೆಸರಿನಲ್ಲೇ ಹೃದಯಾಘಾತದ ತುರ್ತು ಚಿಕಿತ್ಸೆಗೆ 'ಹೃದಯ ಜ್ಯೋತಿ' ಯೋಜನೆ ಬಂತು.

ಹುಡುಕಿದ ಮಾತ್ರಕ್ಕೆ ಜೀವ ಉಳಿಯುತ್ತದೆಯೇ? ಇಂಗ್ಲೆಂಡಿನ ಕೇಂಬ್ರಿಜ್ ಸುತ್ತಲಿನ 20,000ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ, ಮಧುಮೇಹ ತಪಾಸಣೆಗೆ ಕರೆದವರಿಗೂ ಕರೆಯದವರಿಗೂ ಸುಮಾರು 10 ವರ್ಷದಲ್ಲಿ ಸಾವಿನ ಪ್ರಮಾಣ ಬೇರೆಯಾಗಲಿಲ್ಲ. ಡೆನ್ಮಾರ್ಕಿನಲ್ಲಿ ಸುಮಾರು 60,000 ಜನರನ್ನಿಟ್ಟುಕೊಂಡು ಹೃದ್ರೋಗದ ಲೆಕ್ಕ ಹಾಕಿದಾಗಲೂ ಅದೇ ಉತ್ತರ. ಅಲ್ಲಿ ಮನೆಮನೆಗೂ ಗೊತ್ತುಮಾಡಿದ ವೈದ್ಯರಿದ್ದಾರೆ. ತಪಾಸಣೆ ಇಲ್ಲದಿದ್ದರೂ ಕಾಯಿಲೆ ಅವರ ಕಣ್ಣಿಗೆ ಬೀಳುತ್ತದೆ. ನಮ್ಮ ಹಳ್ಳಿಯಲ್ಲಿ ಕಾಲಿನ ಗಾಯ ಮಾಯದಿದ್ದಾಗಲೇ ಎಷ್ಟೋ ಜನರಿಗೆ ಶುಗರ್ ಇರುವುದು ತಿಳಿಯುತ್ತದೆ. ಹಾಗಾಗಿ ಆ ಉತ್ತರವನ್ನು ಇಲ್ಲಿಗೆ ಹಾಗೆಯೇ ತಂದಿಡಲಾಗದು.

ಆದರೆ ಬಿಡಿ ಶಿಬಿರಗಳ ಬಗ್ಗೆ ನನ್ನ ಗುಮಾನಿ ಹೋಗಿಲ್ಲ. ಚಿಕಿತ್ಸೆಯ ವ್ಯವಸ್ಥೆ ಇಲ್ಲದೆ ತಪಾಸಣೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲೇ ಪ್ರಕಟಿಸಿದ ಸೂತ್ರಗಳು ಹೇಳುತ್ತವೆ. ಎಷ್ಟು ಜನರನ್ನು ಪರೀಕ್ಷಿಸಿದೆವೆಂಬುದು ಫ್ಲೆಕ್ಸಿಗೆ ಸಾಕು; ವರ್ಷದ ನಂತರ ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ ಎಂಬುದೇ ನಿಜವಾದ ಲೆಕ್ಕ.

ತಪಾಸಣೆಗೆ ಕರೆದರೆ ಹೋಗಿ. ಚೀಟಿ ಕೈಗೆ ಬಂದ ಮೇಲೆ ಕೇಳಿ: ಮುಂದಿನ ತಿಂಗಳ ಗುಳಿಗೆ ಯಾರು ಕೊಡುತ್ತಾರೆ?